ಮೊಳೆ ಹಂಚುವುದು

ಗದಗಿನ ಟಾಂಗಾಕೂಟದ ಹಿಂದಿನ ಸಂದಿಯಲ್ಲಿ ಪ್ರೆಸ್ಸು.
ನನಗೆ ಹದಿಮೂರು, ದಿನಕ್ಕೆ ಎರಡು ರೂಪಾಯಿ.
ಅಚ್ಚಾದ ಮೇಲೆ ಸಾಲುಗಳನ್ನು ಮುರಿದು
ಮೊಳೆಗಳನ್ನು ಅವವುಗಳ ಖಾನೆಗೆ ಹಂಚುವುದು ಕೆಲಸ.

ಜೋಡಿಸುವವರು ವಿಠ್ಠಲಸಾ.
ಕನ್ನಡಕದ ಒಂದು ಕಾಲಿಗೆ ದಾರ.
ಎಡಗೈಯ ಸ್ಟಿಕ್ಕಿನಲ್ಲಿ ಜಗತ್ತನ್ನು
ತಲೆಕೆಳಗಾಗಿಯೇ ಓದುತ್ತಿದ್ದರು.
"ಲಗ್ನಕ್ಕ ವೈಭವ, ಇಲೆಕ್ಷನ್ನಿಗೆ ಘನತೆ,
ಪೈಲವಾನಗ ಕೀರ್ತಿ.
ಬೆಟಗೇರಿ ಚರ್ಚಿಂದು ಬಂದ್ರ ಮಹಿಮೆ, ಮರೀಬ್ಯಾಡ.
ಅವರ ದೇವರಿಗೆ ವೈಭವ ಹಾಕಿದ್ರ
ಅಯ್ನೋರು ಪ್ರೂಫ್ ಒಗೀತಾರ."

ಅರ್ಕಾವತ್ತು ನಮ್ಮಲ್ಲಿ ಹದಿನೇಳೇ ಇದ್ದವು.
ಕುಸ್ತಿಯ ಹ್ಯಾಂಡಬಿಲ್ಲಿನಲ್ಲಿ ಒಮ್ಮೆ ತೀರಿಹೋಗಿ
ಕೊನೆಯ ಕೀರ್ತಿ
ಕೀತಿಯಾಗಿ ಹೊರಬಿತ್ತು.
ಪೈಲವಾನ ಓದು ಬಾರದವ. ಎರಡೂ ಕೈಯಲ್ಲಿ ಹಿಡಿದು ನೋಡಿ
ಪೇಡೆ ಕೊಟ್ಟು ಹೋದ.
ಭ ಅಕ್ಷರದ ಸೀಳು ಸವೆದು
ವೈಬವದಿಂದ ನೂರಾರು ಲಗ್ನಗಳಾದವು,
ಅದೇ ಕಾರಣಕ್ಕೆ ಯಾವ ಸಂಸಾರವೂ ಮುರಿದಂತಿಲ್ಲ.

ಬೈಂಡಿಂಗಿನ ಸುವಾರ್ತಮ್ಮ ಖಳಿ ಕಲಸುತ್ತ ನಗುತ್ತಿದ್ದಳು:
"ಬಾಯಾಗಿನ ಮಾತಿಗೆ ಮೊಳಿ ಬೇಕಾಗಂಗಿಲ್ಲ ತಗೀರಿ.
ಹಾಲಿಗೆ ನೀರು ಹಾಕಿದವ ಕಾಲಮಹಿಮೆ ಅಂತಾನ.
ನನ್ನ ಗಂಡ ಮಧ್ಯಾಹ್ನ ಎದ್ದು ಹಲ್ಲುಜ್ಜಿದ್ರ
ನಾನೂ ಅಂತೀನಿ,
ಎಂಥಾ ಘನಂದಾರಿ ಕೆಲಸ ಮಾಡಿದ್ಯೋ ಮಾರಾಯಾ!"

ಸಂಜೆ, ಸೀಮೆಎಣ್ಣೆಯಲ್ಲಿ ತೊಳೆದ ಮಹಿಮೆ
ಬೊಗಸೆಯಲ್ಲಿ ತಣ್ಣಗೆ, ಭಾರ.
ಬಿಡಿಸಿದರೆ ಒಂದು ಮ, ಒಂದು ಹಿ, ಒಂದು ಮೆ.
ಮರುದಿನ ಅದೇ ಮ ಯಾರದೋ ಮನೆ ಲಿಲಾವಿಗೆ,
ಹಿ ಹಿಟ್ಟಿನ ಗಿರಣಿಗೆ,
ಮೆ ಬ್ಯಾಡಗಿ ಮೆಣಸಿನಕಾಯಿಯ ದರಪಟ್ಟಿಗೆ.
ಸೀಸಕ್ಕೆ ಯಾರ ನೆನಪೂ ಇರುವುದಿಲ್ಲ.
ಉಗುರಿನ ಸಂದಿಯ ಕಪ್ಪು ಮಾತ್ರ ಹೋಗುತ್ತಿರಲಿಲ್ಲ;
ರೊಟ್ಟಿ ಕೊಡುವ ಮುಂಚೆ ಅವ್ವ
ನನ್ನ ಅಂಗೈ ತಿರುವಿ ತಿರುವಿ ನೋಡುತ್ತಿದ್ದಳು.

ಆಮೇಲೆ ಮೊಳೆಗಳೆಲ್ಲ ಕಿಲೋ ಲೆಕ್ಕದಲ್ಲಿ
ಬ್ಯಾಟರಿ ಮಾಡುವವರ ಪಾಲಾದವು.
ವಿಠ್ಠಲಸಾ ಮನೆಯ ಕಟ್ಟೆಗೆ ಕೂತು
ಪೇಪರನ್ನು ತಲೆಕೆಳಗು ಹಿಡಿದು ಓದುತ್ತಿದ್ದರು.
ಓಣಿಯವರು ಅರುಳುಮರುಳೆಂದರು. ಅಲ್ಲ,
ರೂಢಿ.

ಹೋದ ವರ್ಷ ಅವರ ಮಗ
ಮೊಬೈಲಿನಲ್ಲೇ ಮಾಡಿಸಿದ ಕಾರ್ಡು:
ಕೀರ್ತಿಶೇಷ ವಿಠ್ಠಲಸಾ.
ಅರ್ಕಾವತ್ತು ಇತ್ತು. ನೆಟ್ಟಗಿತ್ತು.
ಹಿಂದುಗಡೆ ಬೆರಳಾಡಿಸಿದೆ, ಒತ್ತಿದ ಗುರುತಿಲ್ಲ,
ಬರೇ ನುಣುಪು.

ಐವತ್ತು ಮನೆಗೆ ಹಂಚಿ ಬಂದೆ.
ಹೊತ್ತು ಮುಳುಗಿತ್ತು. ಕೈ ತಾನಾಗಿ
ಕತ್ತಲಲ್ಲಿ ಖಾನೆ ಹುಡುಕಿತು.
ಕೀ ಎಲ್ಲಿಡಲಿ, ತಿ ಎಲ್ಲಿಡಲಿ,
ಈ ಶೇಷ
ಎಲ್ಲಿಡಲಿ ಸಾವಕಾರ್ರ?