ದನಿ ಇಳಿದರೆ ಏಡಿ

ರಾತ್ರಿ ಪಾಳಿ. ಶೂಝೌ ನಗರ, ಏಳನೆಯ ಮಹಡಿ.
ನನ್ನ ಕೆಲಸ ಓದುವುದಲ್ಲ, ಒರೆಸುವುದು.
ನಿಮಿಷಕ್ಕೆ ನಲವತ್ತು ಸಾಲು,
ತಪ್ಪಿದರೆ ಸಂಬಳದಲ್ಲಿ ಕಡಿತ.
ಮೇಲ್ವಿಚಾರಕಿ ಛ್ಯೂ ಪೇಯ್‌ಲಾನ್ ದಿನಾ ಹೊಸ ಪಟ್ಟಿ ತರುತ್ತಾಳೆ,
ಪ್ರಿಂಟರಿನ ಬಿಸಿ ಇನ್ನೂ ಆರದ ಹಾಳೆ,
ಮೀನಂಗಡಿಯ ದರಪಟ್ಟಿಯಂತೆ.

ಹಶ್ಯೆ.
ಕೊನೆಗೆ ದನಿ ಏರಿದರೆ ಸಾಮರಸ್ಯ,
ಇಳಿದರೆ ಹೊಳೆ ಏಡಿ.
ಸಾಮರಸ್ಯ ಗೋಡೆಗೋಡೆಯ ಮೇಲೆ ಕೆಂಪಕ್ಷರದಲ್ಲಿದೆ,
ಅದನ್ನು ಮುಟ್ಟುವಂತಿಲ್ಲ.
ಏಡಿಯನ್ನು ಮಾತ್ರ ಕಂಡಲ್ಲಿ ಹಿಡಿಯಬೇಕು.
ಮೊದಲ ವಾರ ನಗು ತಡೆಯಲು ಕಚ್ಚಿ ಕಚ್ಚಿ
ಕೆಳತುಟಿ ಗಾಯವಾಗಿತ್ತು.

ಇನ್ನೊಂದು ಪುಟ್ಟ ಪದ, ಬೇಯ್.
ಕ್ರಿಯಾಪದದ ಮುಂದೆ ಕೂತರೆ ಸಾಕು, ಮಾಡಿದವನು ಮಾಯ,
ಮಾಡಿಸಿಕೊಂಡವನಷ್ಟೇ ಉಳಿಯುತ್ತಾನೆ.
ನಾವು ಸುಖಿಸಲ್ಪಟ್ಟೆವು,
ಸ್ವಯಂಸೇವಿಸಲ್ಪಟ್ಟೆವು,
ಸರಾಸರಿ ಲೆಕ್ಕದಲ್ಲಿ ಶ್ರೀಮಂತಿಸಲ್ಪಟ್ಟೆವು
ಎಂದು ಯಾರೋ ಬರೆದಿದ್ದರು, ಬೆಳಗಿನ ಜಾವ ಮೂರಕ್ಕೆ.
ವ್ಯಾಕರಣ ತಪ್ಪು. ಲೆಕ್ಕ ಸರಿ.
ಅಳಿಸಿದೆ.
ಅಲ್ಲ, ಅದು ಅಳಿಸಲ್ಪಟ್ಟಿತು.

ಅಕ್ಟೋಬರಿನಲ್ಲಿ ಹೊಂಗ್‌ಝ ಸರೋವರದ ಕಡೆಯಿಂದ ಫೋನು.
ಬ್ಯೆನ್ ಶೌಗೆನ್, ನನ್ನ ಸೋದರಮಾವ,
ಮೂವತ್ತೊಂದು ವರ್ಷದಿಂದ ಏಡಿ ವ್ಯಾಪಾರ.
"ಎರಡು ವಾರ ಆಯ್ತು ಕಣೇ, ನನ್ನ ಜಾಹೀರಾತು ನಿಲ್ತಾನೇ ಇಲ್ಲ.
ಹೊಳೆ ಏಡಿ ಬಂದಿದೆ, ಹೊಟ್ಟೆ ತುಂಬ ಮೊಟ್ಟೆ ಅಂತ ಹಾಕ್ತೀನಿ,
ಟೀ ಕುಡಿದು ಬರೋದ್ರೊಳಗೆ ಇರೋದಿಲ್ಲ.
ನೀನು ಕಂಪ್ಯೂಟರಿನ ಕೆಲಸದಲ್ಲಿದ್ದೀಯಲ್ಲ, ಯಾರನ್ನಾದರೂ ಕೇಳು."

ಯಾರನ್ನು ಕೇಳಲಿ?
"ಬೇರೆ ಹೆಸರು ಹಾಕು ಮಾವ."
"ಏಡಿಗೆ ಏಡಿ ಅನ್ನದೆ ಸೀಗಡಿ ಅನ್ನಲೇನೆ?"
"ಟೀ ಅಂತಲೂ ಜಾಸ್ತಿ ಅನ್ನಬೇಡ."

ಅನ್ನದಿದ್ದರೂ, ಒಂದು ದಿನ ಠಾಣೆಯವರೇ ಟೀಗೆ ಕರೆದರು.
ಬರಿಗೈಯಲ್ಲಿ ಹೋಗಬಾರದೆಂದು
ಬುಟ್ಟಿಯಲ್ಲಿ ಎಂಟು ಏಡಿ ಹಿಡಿದು ಹೊರಟ, ಮಳ್ಳ.
ನಾಲ್ಕು ಗಂಟೆ ಕೂರಿಸಿದರು. ಟೀ ಕೊಡಲಿಲ್ಲ.
ಬುಟ್ಟಿ ಇಟ್ಟುಕೊಂಡರು, ರಸೀದಿ ಕೊಟ್ಟರು:
"ಜಲಚರ, ಎಂಟು."

ಅಂದಿನಿಂದ ಅತ್ತೆ ಯಾರಿಗೂ ಕದ ತೆಗೆಯುವುದಿಲ್ಲ,
ನೀರಿನ ಮೀಟರ್ ನೋಡಬೇಕು ಅಂದವನಿಗಂತೂ ಇಲ್ಲವೇ ಇಲ್ಲ.
ಪಾಪ, ಅವನು ನಿಜಕ್ಕೂ ಮೀಟರಿನವನೇ.
ಹೊರಗೇ ನಿಂತು ಅಂದಾಜು ಬರೆದುಕೊಂಡು ಹೋದ.
ಅಂದಾಜಿನ ಪ್ರಕಾರ ಇಬ್ಬರು ಮುದುಕರು
ಈ ತಿಂಗಳು ಸರೋವರವನ್ನೇ ಕುಡಿದಿದ್ದಾರೆ.

ರಜೆ ಸಿಕ್ಕಾಗ ಹೋದೆ.
ಅಂಗಡಿಯ ಹಲಗೆಯ ಮೇಲೆ ಮೊದಲು ಖಾಲಿ ಜಾಗ,
ಆಮೇಲೆ "ಬಂದಿದೆ".
ಪಕ್ಕದಲ್ಲಿ ಸುಣ್ಣದ ದುಂಡು, ಎಂಟು ಕಾಲು.
ಗಿರಾಕಿಗಳ ಸಾಲು ಸೇತುವೆ ದಾಟಿತ್ತು.
ಯಾರೂ ಹೆಸರೆತ್ತಲಿಲ್ಲ. "ಅದೇ, ಅದು, ಎರಡು ಕೆಜಿ"
ಎಂದು ಬೆರಳು ತೋರಿ, ಹಿಂದೆ ನಿಂತವರ ಮುಖ ನೋಡಿ ನಕ್ಕರು.

"ಮುಂದಿನ ಎರಡು ಕೊಂಡಿ ಬರೆಯೋದೇ ಮರೆತೆಯಲ್ಲ ಮಾವ?"
"ಮರೆತಿಲ್ಲ. ಕಟ್ಟಿ ಹಾಕಿರ್ತೀವಲ್ಲ, ಕಾಣಿಸಲ್ಲ."

ತೊಟ್ಟಿಯಲ್ಲಿ, ಹುಲ್ಲುಹಗ್ಗ ಬಿಗಿದ ರಾಶಿ
ಬಾಯ ತುಂಬ ನೊರೆ ಬಿಡುತ್ತ
ಒಂದೇ ಸಮ ಏನೋ ಪಿಸುಗುಡುತ್ತಿತ್ತು.
ಬಗ್ಗಿ ಕಿವಿಯಿಟ್ಟೆ. ಅಭ್ಯಾಸ.

ಸೋಮವಾರ ಛ್ಯೂ ತಂದ ಹಾಳೆಯ ಕೊನೆಯ ಸಾಲು:
ಖಾಲಿ ಜಾಗ, ಆಮೇಲೆ "ಬಂದಿದೆ".
"ಖಾಲಿ ಇರೋದನ್ನು ಅಳಿಸೋದು ಹೇಗೆ?" ಹೊಸ ಹುಡುಗ ಕೇಳಿದ.
ಅವಳು ಉತ್ತರಿಸಲಿಲ್ಲ. ನಾನು ಊರಿಂದ ತಂದ ಡಬ್ಬಿ ತೆರೆದು,
ಒಂದು ಕಾಲು ಮುರಿದು, ಕಣ್ಮುಚ್ಚಿ ಹೀರಿದಳು.
"ಅಬ್ಬಾ, ಏನಿದು?"

"ಜಲಚರ," ಅಂದೆ.