ಕಣ್ಣು ಹೋದಷ್ಟು ದೂರ

ಡುಲೂತ್ ಬಂದರಿನಾಚೆ ಜೌಗಿನಲ್ಲಿ ಮೂರು ಕಂಬ.
ಇಪ್ಪತ್ತೆರಡು ವರ್ಷ ಅವುಗಳ ಬುಡದ ಹುಲ್ಲು ಸವರಿದವಳು ನಾನು.
ಹುಲ್ಲಿನಡಿ ತಾಮ್ರದ ತಂತಿ, ನೂರಿಪ್ಪತ್ತು ಎಳೆ,
ಬೇರಿನ ಹಾಗೆ ಹರಡಿಕೊಂಡು.
ಕಳ್ಳರು ಅಗೆದು ಒಯ್ದದ್ದೆಷ್ಟು, ನಾನು ಮತ್ತೆ ಹೂತದ್ದೆಷ್ಟು,
ಲೆಕ್ಕ ಸಮ.

ಬೇಲಿಗೆ ತೂಗುಬಿಟ್ಟ ಹಲಗೆ: ಮುಟ್ಟಿದರೆ ಸಾವು.
ಒಳಗೆ ಹರಿಯುತ್ತಿದ್ದುದು
ಅಲೆಯ ಎತ್ತರ, ಅದಿರಿನ ದರ,
ಶಾಲಾ ಮಂಡಳಿಯ ಜಗಳ,
ಯಾರದೋ ತಪ್ಪಿಸಿಕೊಂಡ ನಾಯಿ.

ಕಚೇರಿಯ ಕಾಗದದಲ್ಲಿ ಒಂದೇ ಸಾಲು:
ಸೋಮವಾರ ಬೆಳಗಿನ ಐದಕ್ಕೆ
ಸುದ್ದಿ, ಹರಟೆ, ಸಕಲವೂ ಎಫ್‌ಎಮ್‌ಗೆ.
ಅಲ್ಲಿ ಮೊದಲಿದ್ದ ಮೆಲುದನಿಯ ಹಳೆ ಹಾಡುಗಳಿಗೆ
ಭಾನುವಾರ ರಾತ್ರಿ ಬಾಡಿಗೆ ಮುಗಿಯಿತು.
ಹಾಡು ಹಾಕುತ್ತಿದ್ದ ಯವೆಟ್
ತನ್ನ ಲೋಟ ತಾನೇ ತೊಳೆದು ಒರೆಸಿ
ಕೈಚೀಲಕ್ಕೆ ಹಾಕಿಕೊಂಡಳು.
ಅವಳ ಬಗ್ಗೆ ಯಾರೂ ಪ್ರಕಟಣೆ ಓದಲಿಲ್ಲ.

ಎಫ್‌ಎಮ್ ಕಂಬ ಗುಡ್ಡದ ಮೇಲೆ. ಹುಲ್ಲಿಲ್ಲ, ಬರೀ ಬಂಡೆ.
ಅದರ ದನಿ ಕಣ್ಣು ಹೋದಷ್ಟು ದೂರ ಹೋಗುತ್ತದೆ.
ಭೂಮಿ ಬಾಗಿದಲ್ಲಿ ತಾನು ಬಾಗುವುದಿಲ್ಲ,
ನೆಟ್ಟಗೆ ನಕ್ಷತ್ರಗಳ ಕಡೆ ಹೊರಟುಬಿಡುತ್ತದೆ.
ಅಲ್ಲಿ ಅದಿರಿನ ದರ ಯಾರಿಗೆ ಬೇಕೋ.

ನನ್ನ ಮೂರು ಕಂಬಗಳ ಚಾಳಿ ಬೇರೆ.
ಹಗಲೆಲ್ಲ ನೆಲಕ್ಕಂಟಿ ನಡೆಯುವ ಮಾತು
ಹೊತ್ತು ಮುಳುಗಿದ್ದೇ ಚೆಂಡು ಎಸೆದ ಹಾಗೆ
ಮುಗಿಲಿಗೆ ತಾಗಿ, ಪುಟಿದು, ಎಲ್ಲೋ ಬೀಳುತ್ತಿತ್ತು.
ಎಲ್ಲಿ ಎಂದು ನಾವು ಹೇಳುವ ಹಾಗಿರಲಿಲ್ಲ.
ಗಾಳಿಮಾತು ಅಂದರೆ ಅದು.
ಒಮ್ಮೆ ಟೆಕ್ಸಸ್ಸಿನ ಜೈಲಿನಿಂದ ಕಾಗದ:
ನಿಮ್ಮೂರಲ್ಲಿ ಎಷ್ಟು ಇಂಚು ಹಿಮ ಬಿತ್ತೆಂದು
ದಿನಾ ಗೋಡೆಗೆ ಬರೆದಿಡುತ್ತೇನೆ,
ನಿಲ್ಲಿಸಬೇಡಿ.

ಡೊಲೊರೆಸ್ ಪೆಲ್ಕಿ, ಅದಿರು ಹಡಗಿನ ಅಡುಗೆಯವಳು,
ಹಡಗು ದಡಕ್ಕೆ ಹತ್ತಿರವಾದಾಗಲೆಲ್ಲ ಫೋನು ಮಾಡುವಳು.
ಒಮ್ಮೆ ಹ್ಯೂರಾನ್, ಒಮ್ಮೆ ಈರಿ.
ಹಿಂದಿನ ರಾತ್ರಿ ಆರ್ವಿಡ್ ಲಾಹ್ತಿ ಆಡಿದ ಮಾತಿಗೆ
ಜಗಳ ತೆಗೆಯಲು ಮಾತ್ರ.

ಸೋಮವಾರ. ಐದು ಗಂಟೆ.
ಮೂವತ್ತೊಂದು ವರ್ಷದ ಅದೇ ಕುರ್ಚಿಯಲ್ಲಿ ಆರ್ವಿಡ್.
ಗುಡ್ಡದ ಮೇಲೆ ನಾನು, ಕಿವಿಗೆ ಹೆಡ್‌ಫೋನು.
ದೇವರೇ, ಎಷ್ಟು ಸ್ವಚ್ಛ!
ಹಾಳೆ ಮಗುಚಿದ್ದು ಕೇಳಿಸಿತು.
ಕುರ್ಚಿ ನರಳಿದ್ದು.
ಕಟ್ಟಿಸಿದ ಹಲ್ಲು ಟಿಕ್ಕೆಂದದ್ದು.
ಪ್ರತಿ ಸಾಲು ಮುಗಿದಾಗ
ಉಸಿರು ಸಣ್ಣಗೆ ಸಿಳ್ಳೆ ಹಾಕಿದ್ದು.
ಇಷ್ಟು ವರ್ಷ ದೂರದ ಸಿಡಿಲು, ಕರೆಂಟಿನ ತಂತಿ,
ಯಾರದೋ ಮನೆಯ ಮಿಕ್ಸರು, ಎಲ್ಲದರ ಕರಕರ ಸೇರಿ
ಅವನಿಗೊಂದು ಕಂಬಳಿ ಹೊದಿಸಿತ್ತು.

ಮೊದಲ ಫೋನು ಬಸ್ಸಿನ ಡ್ರೈವರನದು:
ಭೇಷ್, ಪಕ್ಕದ ಸೀಟಿನಲ್ಲೇ ಕೂತ ಹಾಗಿದ್ದೀರಿ.
ಎರಡನೆಯದು ರಾತ್ರಿಪಾಳಿ ಮುಗಿಸಿದ ನರ್ಸು:
ಸುದ್ದಿ ಇರಲಿ ಲಾಹ್ತಿಯವರೇ,
ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಯೇ?

ನಾಲ್ಕು ಸೆಕೆಂಡು.
ಆ ಪಟ್ಟಿಯಲ್ಲಿ ಮೌನ ಎಂದೂ ಖಾಲಿ ಇರಲಿಲ್ಲ,
ಬೇರೆ ಊರಿನ ತುಣುಕೊಂದು ನುಸುಳಿ ತುಂಬುತ್ತಿತ್ತು.
ಇಲ್ಲಿ ಖಾಲಿ ಅಂದರೆ ಖಾಲಿ.
ಈಗ ಹವಾಮಾನ, ಎಂದ ಆರ್ವಿಡ್.

ಬುಧವಾರ ಆಸ್ಪತ್ರೆ ಸೇರಿದ.
ಸಕಾಲಕ್ಕೆ ಗೊತ್ತಾಯಿತು ಎನ್ನುತ್ತಾರೆ, ನಾನೂ ಎನ್ನುತ್ತೇನೆ.

ಡೊಲೊರೆಸ್ ಫೋನು ಬಂದಿಲ್ಲ.
ಹೊಸ ನಂಬರು ಗೊತ್ತಿಲ್ಲದೆ ಅಲ್ಲ,
ತಿಂಗಳಿಡೀ ಓದಿ ಹೇಳಿದ್ದೆವು.
ಗೊತ್ತಿದ್ದು ಏನು? ಗುಡ್ಡ ಕಾಣಬೇಕಲ್ಲ.

ಜೌಗಿನ ಕಂಬಗಳಲ್ಲಿ ಈಗ ಬೇರೆ ಊರಿನ ಯಂತ್ರ
ಹಗಲಿರುಳು ಬಾಜಿಯ ಅಂಕಿ ಒದರುತ್ತದೆ.
ಗಂಟೆಗೊಮ್ಮೆ ಸ್ಟೇಷನ್ನಿನ ಹೆಸರು ಹೇಳಲೇಬೇಕು, ಕಾನೂನು.
ಅದಕ್ಕೆ ಹತ್ತು ಸೆಕೆಂಡು ಬಿಟ್ಟಿದ್ದಾರೆ,
ದನಿ ನನ್ನದು.
ಹೆಸರಿಗೆ ಸಾಕಾಗುವುದು ನಾಲ್ಕೇ.

ಉಳಿದದ್ದರಲ್ಲಿ, ಕತ್ತಲಾದ ಮೇಲೆ,
ಎಷ್ಟು ಇಂಚು ಎಂದು ಹೇಳುತ್ತೇನೆ.
ನಿನ್ನೆ ಹಿಮ ಬೀಳಲಿಲ್ಲ.
ಅದನ್ನೂ ಹೇಳಿದೆ.