ಮಾತಿಗೆ ಸಿಗುವಷ್ಟು ಉಸಿರು

ಅಡುಗೆಮನೆಯ ಸಿಲಿಂಡರಿನಿಂದ ಕಕ್ಕಸಿನ ಬಾಗಿಲಿಗೆ
ಟೇಪು ಹಿಡಿದು ಅಳೆದೆ: ಹತ್ತೂವರೆ ಗಜ.
ಮೂರು ತೋಬಿಗೆ ಸರಿಹೋಗುವ ಬಟ್ಟೆ.
ಮನಾಮದ ಹಳೇ ಸೂಕಿನ ಹಿಂದೆ, ಮೂರನೇ ಮಹಡಿಯಲ್ಲಿ
ನನಗೆ ದಕ್ಕಿದ ಮೈದಾನ ಇಷ್ಟು.

ಹೊರಗೆ ಆಗಸ್ಟು.
ಬಾಗಿಲು ತೆರೆದರೆ ಕನ್ನಡಕದ ಮೇಲೆ ಕಡಲು ಬೆವರುತ್ತದೆ.
ಬೀದಿಯಲ್ಲಿ ನಡೆಯಬೇಡಿ ಎಂದಿದ್ದಾಳೆ ಜವಾಹಿರ್,
ಆಸ್ಪತ್ರೆಯ ಹುಡುಗಿ. ಅಬಾಯದ ತೋಳು ಮಡಚಿ
ಫೋನಿನೊಳಗೆ ಕುರ್ಚಿಯಿಂದ ಎದ್ದು ಕೂತು ತೋರಿಸುತ್ತಾಳೆ.
"ಶ್ವೈ ಶ್ವೈ, ಬಾಬಾ. ಜಲ್ದಿ ಮಾಫಿ."
ಮೂವತ್ತು ವರ್ಷ ಪೆಡಲು ತುಳಿದ ಕಾಲು,
ಒಂದಡಿ ಮುಂದೆ ಹೋದದ್ದಿಲ್ಲ.

ಡಾಕ್ಟರು ಲೆಕ್ಕದಲ್ಲಿ ಹೇಳಿದರು:
ಅರವತ್ತು ತಳ್ಳಬೇಕಾದ ಹೃದಯ ಮೂವತ್ತು ತಳ್ಳುತ್ತಿದೆ.
ಅರ್ಥವಾಯಿತು. ಬಟ್ಟೆ ಕಡಿಮೆ ತಂದ ಗಿರಾಕಿ
ನನಗೆ ಹೊಸಬನೇನಲ್ಲ.
ಅಂಚು ಸಣ್ಣಗೆ ಮಡಿಚು, ಒಳಜೇಬು ಬಿಡು.
ಆದರೂ ಅಂಗಿ ಅಂಗಿಯೇ ಆಗಬೇಕು.

ಬೆಳಿಗ್ಗೆ ತೂಕ ನೋಡು.
ಕಣಕಾಲಿಗೆ ಹೆಬ್ಬೆರಳೊತ್ತಿ ಗುಳಿ ನಿಂತಿತೇ ನೋಡು.
ದಿನಕ್ಕೆ ಒಂದೂವರೆ ಲೀಟರು ನೀರು,
ಅದೂ ಈ ಊರಿನಲ್ಲಿ!
ಉಳಿದ ನೀರನ್ನು ಎರಡು ಬಾಟಲಿಗೆ ತುಂಬಿ
ಕುಡಿಯದೆ ಎತ್ತು, ಇಳಿಸು, ಎತ್ತು.
ನೈಟ್ ಡ್ಯೂಟಿ ಮುಗಿಸಿ ಬಂದ ಶಫೀಕುಲ್ ನಗುತ್ತಾನೆ,
"ಟೈಲರ್ ಭಾಯಿ, ಒಲಿಂಪಿಕ್ಸಾ?"
ಹಾಗೆಂದವನು ತನ್ನ ಬೂಟು, ಬಕೆಟ್ಟು
ದಾರಿಯಿಂದ ಸರಿಸಿಟ್ಟೇ ಮಲಗುತ್ತಾನೆ.

ವೇಗಕ್ಕೆ ಅವಳು ಕೊಟ್ಟ ಅಳತೆ ವಿಚಿತ್ರ.
ನಡೆಯುತ್ತ ಮಾತಾಡಲು ಆಗಬೇಕು,
ಹಾಡಲು ಆಗಬಾರದು.
ಹಾಡು ಬಂದರೆ ತುಸು ಬೇಗ ನಡಿ,
ಮಾತು ತುಂಡಾದರೆ ನಿಲ್ಲು, ಕೂರು, ನನಗೆ ಹೇಳು.

ಹಾಡು ಮೊದಲೂ ಬರುತ್ತಿರಲಿಲ್ಲ.
ಮಾತಿಗೆ ಯಾರು? ಶಫೀಕುಲ್ ಗೊರಕೆಯಲ್ಲಿ.
ಗೋಡೆ ಎಷ್ಟೆಂದರೂ ಗೋಡೆ.
ಉಪ್ಪಿನಂಗಡಿಗೆ ಫೋನು ಹಚ್ಚಿದೆ.

ಹತ್ತೊಂಬತ್ತು ವರ್ಷ, ಶುಕ್ರವಾರಕ್ಕೊಂದು ಫೋನು:
ದುಡ್ಡು ಬಂತಾ, ಫೀಸು ಕಟ್ಟಿದೆಯಾ, ಇಡಲಾ.
ಈಗ ದಿನಾ ಇಪ್ಪತ್ತು ನಿಮಿಷ.
ಹೇಳಲು ಏನಿದೆ? ಗಿರಾಕಿಯ ಕಾಲರು, ಮೀನಿನ ರೇಟು,
ಕೆಳಗಿನ ಅಂಗಡಿಯಲ್ಲಿ ಬೆಕ್ಕು ಹಾಕಿದ ಮರಿ.
ಮಾತು ಮುಗಿದರೆ ನಡಿಗೆಯೂ ಮುಗಿಯುತ್ತದಲ್ಲ,
ಅದಕ್ಕೇ ಮದುವೆಯ ದಿನದ ಶರ್ಟು ನಾನೇ ಹೊಲಿದದ್ದು,
ಎಡತೋಳು ಕಾಲಿಂಚು ಉದ್ದವಿತ್ತು
ಎಂಬುದನ್ನೂ ಹೇಳಿಬಿಟ್ಟೆ.
ಮಿಸ್ರಿಯ ನಕ್ಕಳು. ಗೊತ್ತಿತ್ತು ಅಂದಳು.

ಎದೆಯ ವಿಷಯ ಮಾತ್ರ ಹೇಳಿರಲಿಲ್ಲ.
ಏದುಸಿರು ಯಾಕೆ ಎಂದರೆ ಮೆಟ್ಟಿಲು ಎಂದೆ,
ಇನ್ನೊಮ್ಮೆ ಇಸ್ತ್ರಿ ಎಂದೆ.
ಅತ್ತ ಬೀಡಿಯ ಎಲೆ ಸುರುಳುವ ಸದ್ದು,
ಆಗಾಗ ಕತ್ತರಿ.

ನಿನ್ನೆ ತುಸು ತಡೆದು ಹೇಳಿದಳು,
"ಮೊನ್ನೆ ಐವತ್ತೊಂದು ಸಲ ತಿರುಗಿದಿರಿ.
ಇವತ್ತು ಐವತ್ತೆಂಟು.
ತಿರುಗುವಲ್ಲಿ ಚಪ್ಪಲಿ ಜಾರುತ್ತದೆ, ಹೊಸದು ತಗೊಳ್ಳಿ."

ನೆನಪಾಯಿತು: ದಿನಕ್ಕೆ ಸಾವಿರ ಬೀಡಿ,
ನೆರೆಯವಳೊಡನೆ ಹರಟುತ್ತಲೇ ಎಣಿಸಿ ಕಟ್ಟು ಕಟ್ಟುವವಳು.
ಏನಾಗಿದೆ ಎಂದು ಕೇಳಲಿಲ್ಲ. ಯಾವಾಗಿನಿಂದ ಎಂದೂ.
ಸಿಲಿಂಡರಿನ ಪಕ್ಕ ನನ್ನ ಕೈ ಗೋಡೆ ಹುಡುಕುತ್ತಿತ್ತು.

"ನಿಂತುಬಿಟ್ಟಿರಲ್ಲ," ಅಂದಳು.